ಸದ್ದು ಮಾಡದ ಪಿಸ್ಟನ್

ಎಲ್ಲಕ್ಕೂ ಮೂಲ ಕಡಲೆಕಾಳಿನಷ್ಟು ದೊಡ್ಡ ಒಂದು ತೂತು. ಅದು ಬಿದ್ದದ್ದು ಕನ್ನಡಕದವರ ಕಾರಿನ ಮೂರನೇ ಪಿಸ್ಟನ್ನಿನ ನೆತ್ತಿಯ ಮೇಲೆ.

ಕನ್ನಡಕದವರು ಎಂದರೆ ಬೀದಿಯ ತುದಿಯಲ್ಲಿ ಅಂಗಡಿ ಇಟ್ಟುಕೊಂಡು, ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಮಾಡಿಕೊಡುವವರು. ವಯಸ್ಸು ನಲವತ್ತೈದರ ಆಸುಪಾಸು, ತೆಳ್ಳಗಿನ ಮೈ, ಯಾರಿಗೂ ಇಲ್ಲ ಎನ್ನಲಾಗದ ಸ್ವಭಾವ. ಬೇರೆ ಯಾವ ಚಟವೂ ಇಲ್ಲದ ಅವರಿಗೆ ಇದ್ದ ಒಂದೇ ಹುಚ್ಚು ಆ ಹದಿನಾಲ್ಕು ವರ್ಷದ ಕಾರು. ಹೋದ ವರ್ಷ ಗ್ಯಾರೇಜಿನ ಮೇಸ್ತ್ರಿಯ ಬೆನ್ನು ಹತ್ತಿ ಅದಕ್ಕೊಂದು ಟರ್ಬೊ ಕೂರಿಸಿಕೊಂಡಿದ್ದರು. ಟರ್ಬೊ ಎಂದರೆ ಇಂಜಿನ್ನಿನ ಬಾಯಿಗೆ ಗಾಳಿ ತುರುಕುವ ಯಂತ್ರ. ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು, ಬೆಂಕಿ ಹೆಚ್ಚಾದರೆ ಓಟ ಹೆಚ್ಚು.

ಹಾಗಂತ ಆ ಓಟದ ಸುಖ ಅವರಿಗೆ ಸಿಗುತ್ತಿದ್ದದ್ದು ವಾರಕ್ಕೊಂದು ಸಲ. ಮಿಕ್ಕ ಆರು ದಿನ ಕಾರು ಹೆಂಡತಿಯದು. ಆಕೆ ದೊಡ್ಡಾಸ್ಪತ್ರೆಯಲ್ಲಿ ನರ್ಸು, ಬೆಳಗಿನ ಪಾಳಿ. ಐದು ಗಂಟೆಗೆ ಸರಿಯಾಗಿ ಕಾರು ತೆಗೆದು, ಎಂಥ ಮನೆ ಸೇರಿದೆನಪ್ಪಾ ಎಂದು ಟರ್ಬೊ ಮರುಗುವಷ್ಟು ನಿಧಾನವಾಗಿ ಓಡಿಸಿಕೊಂಡು ಹೋಗುತ್ತಿದ್ದಳು. ಭಾನುವಾರ ಮಾತ್ರ ಕನ್ನಡಕದವರು ಕಾರನ್ನು ಊರಾಚೆಯ ಮೇಲುಸೇತುವೆಗೆ ಒಯ್ದು, ನಲವತ್ತು ಸೆಕೆಂಡು ಕಾಲು ಪೂರ್ತಿ ಒತ್ತಿ, ಮುಖವೆಲ್ಲ ನಗುವಾಗಿ ಮನೆಗೆ ಮರಳುತ್ತಿದ್ದರು. ಅಂಥದೊಂದು ಭಾನುವಾರ, ಮೂವತ್ತೆರಡನೆಯ ಸೆಕೆಂಡಿಗೆ ಕಾರು ಕೆಮ್ಮಿ, ಕಪ್ಪು ಹೊಗೆ ಕಾರಿ, ರಸ್ತೆ ಬದಿಯಲ್ಲಿ ಕೂತುಬಿಟ್ಟಿತ್ತು.

ಅಲ್ಲಿಂದೀಚೆಗೆ ಮೂರು ವಾರ ಹೆಂಡತಿಯನ್ನು ಜೊತೆಯ ನರ್ಸೊಬ್ಬಳು ತನ್ನ ಸ್ಕೂಟರಿನಲ್ಲಿ ಮನೆ ಬಾಗಿಲಿಂದಲೇ ಕರೆದೊಯ್ಯುತ್ತಿದ್ದಳು. ಅವಳಿಗೆ ಮುಂದಿನ ತಿಂಗಳಿಂದ ಹೆರಿಗೆ ರಜೆ. ಅಷ್ಟರೊಳಗೆ ಕಾರು ಎದ್ದು ನಿಲ್ಲಲಿಲ್ಲವೆಂದರೆ ಅದನ್ನು ಗುಜರಿಗೆ ಹಾಕುವ ಕೆಲಸ ತಾನೇ ಮಾಡುತ್ತೇನೆ ಎಂದು ಹೆಂಡತಿ ಬಹಳ ಸಮಾಧಾನದ ದನಿಯಲ್ಲಿ ಹೇಳಿದ್ದಳು. ಆಕೆ ಸಮಾಧಾನದಿಂದ ಹೇಳಿದ ಮಾತು ಈವರೆಗೆ ಒಂದೂ ಸುಳ್ಳಾಗಿರಲಿಲ್ಲ.

ಶನಿವಾರ ಬೆಳಗ್ಗೆ ಎಂಟಕ್ಕೆ ಮೇಸ್ತ್ರಿ ಅವರನ್ನು ಗ್ಯಾರೇಜಿಗೆ ಕರೆಸಿಕೊಂಡ. ಕಿತ್ತ ಹಲ್ಲನ್ನು ರೋಗಿಗೆ ತೋರಿಸುವ ಡಾಕ್ಟರಂತೆ, ಇಂಜಿನ್ನಿನ ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡಿ ತೂತು ಬಿದ್ದ ಪಿಸ್ಟನ್ನನ್ನು ಎತ್ತಿ ಬೆಳಕಿಗೆ ಹಿಡಿದ. ಇದು ಎರಕ ಹೊಯ್ದು ಮಾಡಿದ್ದು, ಟರ್ಬೊದ ಕಾವಿಗೆ ಇದರ ಕೈಯಲ್ಲಿ ಆಗುವುದಿಲ್ಲ, ಇನ್ನು ಒತ್ತಿ ಬಡಿದು ಮಾಡಿದ ಫೋರ್ಜ್ಡ್ ಪಿಸ್ಟನ್ನೇ ಹಾಕಬೇಕು ಎಂದ. ಅದರಲ್ಲಿ ಎರಡು ಥರ. ಒಂದೊಂದು ಮಾದರಿ ಅವನ ಹತ್ತಿರವೇ ಇತ್ತು. ಎರಡನ್ನೂ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟ. ನೋಡುವುದಕ್ಕೆ ಅವಳಿ ಜವಳಿ. ಎರಡೂ ಬೆಳ್ಳಗೆ ಹೊಳೆಯುತ್ತಿದ್ದವು, ಎರಡರ ತಲೆಯ ಮೇಲೂ ಸಣ್ಣ ತಟ್ಟೆಯಂಥ ತಗ್ಗು.

“ಇದು ಗಟ್ಟಿ ಸಾರ್,” ಎಂದು ಮೇಸ್ತ್ರಿ ಮೊದಲನೆಯದರ ತಲೆ ಸವರಿದ. “ಎಷ್ಟು ಹೊಡೆತ ಬಿದ್ರೂ ತಡ್ಕೊಳ್ಳುತ್ತೆ. ಆದ್ರೆ ಬಿಸಿಯಾದ್ರೆ ಜಾಸ್ತಿ ಉಬ್ಬುತ್ತೆ. ಅದಕ್ಕೇ ಸಿಲಿಂಡರ್‌ನಲ್ಲಿ ಸ್ವಲ್ಪ ಸಡಿಲ ಬಿಟ್ಟು ಕೂರಿಸ್ಬೇಕು. ಬೆಳಗ್ಗೆ ಇಂಜಿನ್ ತಣ್ಣಗಿರೋವಾಗ ಆ ಸಂದೀಲಿ ಕಟಕಟ ಅಂತ ಬಡ್ಕೊಳ್ಳುತ್ತೆ. ಐದು ನಿಮಿಷ. ಬಿಸಿ ಏರಿದ್ಮೇಲೆ ಸದ್ದೇ ಇಲ್ಲ.”

ಎರಡನೆಯದಕ್ಕೆ ಸಿಲಿಕಾನ್ ಬೆರೆಸಿರುತ್ತಾರಂತೆ. ಉಬ್ಬುವುದು ಕಡಿಮೆ, ಬಿಗಿಯಾಗಿ ಕೂರುತ್ತದೆ, ತಣ್ಣಗಿದ್ದಾಗಲೂ ಸದ್ದು ಮಾಡುವುದಿಲ್ಲ. ಆದರೆ ಮೊದಲನೆಯದರಷ್ಟು ಹೊಡೆತ ತಡೆಯುವುದಿಲ್ಲ, ಕಾಲು ಒತ್ತುವಾಗ ಕೊಂಚ ಕೈಹಿಡಿತ ಬೇಕು. ಕನ್ನಡಕದವರು ಎರಡನ್ನೂ ಎರಡು ಕೈಯಲ್ಲಿ ತೂಗಿ ನೋಡಿ, ನೀನಾಗಿದ್ದರೆ ಯಾವುದು ಹಾಕುತ್ತಿದ್ದೆ ಎಂದು ಕೇಳಿದರು.

“ಹಾಕೋದು ನಾನು ಸಾರ್. ಓಡ್ಸೋದು ನೀವು, ಕೇಳಿಸ್ಕೊಳ್ಳೋದು ನಿಮ್ಮ ಬೀದಿಯವರು. ನನ್ನನ್ಯಾಕೆ ಕೇಳ್ತೀರಿ?”

ಮೇಸ್ತ್ರಿ ಇನ್ನೊಂದು ಮಾತೂ ಹೇಳಿದ. ಈ ಸಾಮಾನು ತರಿಸಿಕೊಡುವ ಏಜೆಂಟು ಎರಡು ತಿಂಗಳಿಗೊಮ್ಮೆ ಪಟ್ಟಿ ಕಳಿಸುತ್ತಾನೆ, ಇವತ್ತು ಸಂಜೆ ನಾಲ್ಕಕ್ಕೆ ಪಟ್ಟಿ ಮುಚ್ಚುತ್ತದೆ, ಒಮ್ಮೆ ಹೆಸರು ಬರೆಸಿದರೆ ತಿದ್ದುವಂತಿಲ್ಲ. ಬೇಕಿದ್ದರೆ ಮಾದರಿಗಳನ್ನು ತೆಗೆದುಕೊಂಡು ಹೋಗಿ, ನೋಡಿ, ಯೋಚಿಸಿ, ನಾಲ್ಕರೊಳಗೆ ಫೋನ್ ಮಾಡಿ ಎಂದ.

ಎರಡು ಪಿಸ್ಟನ್ನುಗಳನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಕನ್ನಡಕದವರು ಅಂಗಡಿಗೆ ಬಂದರು. ಅವರ ಮನಸ್ಸು ಆಗಲೇ ಗಟ್ಟಿಯ ಕಡೆ ವಾಲಿತ್ತು. ಮೇಲುಸೇತುವೆಯ ಮೇಲೆ ನಲವತ್ತು ಸೆಕೆಂಡೂ ಭಯವಿಲ್ಲದೆ ಒತ್ತಬಹುದು. ಆದರೆ ಕನ್ನಡಕದವರದು ಒಂದು ವಿಚಿತ್ರ ಕಷ್ಟ. ದಿನಕ್ಕೆ ಇಪ್ಪತ್ತು ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ ‘ಒಂದನೇದು ಚೆನ್ನಾಗಿ ಕಾಣುತ್ತೋ, ಎರಡನೇದೋ’ ಎಂದು ಕೇಳಿ ಕೇಳಿ, ಯಾವ ವಿಷಯವನ್ನೇ ಆಗಲಿ ಇನ್ನೊಬ್ಬರ ಬಾಯಿಂದ ಉತ್ತರ ಬರುವವರೆಗೆ ನಂಬದ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು.

ಮೊದಲ ಗಿರಾಕಿ ಒಬ್ಬ ಅಜ್ಜಿ. ಕುರ್ಚಿಯಲ್ಲಿ ಕೂರಿಸಿ, ಗಾಜು ಹಾಕಿ, ಒಂದನೇದೋ ಎರಡನೇದೋ ಎಂದರು. ಅಜ್ಜಿ ಗೋಡೆಯ ಅಕ್ಷರಗಳನ್ನು ಬಿಟ್ಟು ಮೇಜಿನ ಮೇಲಿದ್ದ ಪಿಸ್ಟನ್ನುಗಳನ್ನೇ ನೋಡುತ್ತಿದ್ದಳು. “ಎರಡೂ ಒಂದೇ ಥರ ಇದೆಯಪ್ಪ. ಯಾವುದೋ ಒಂದು ಹಾಕಿ ಕೊಡು,” ಎಂದಳು. ಇಷ್ಟು ಹಗುರವಾಗಿ ಬದುಕುವವರೂ ಲೋಕದಲ್ಲಿದ್ದಾರಲ್ಲ ಎಂದು ಕನ್ನಡಕದವರಿಗೆ ಹೊಟ್ಟೆಕಿಚ್ಚಾಯಿತು.

ಅಜ್ಜಿ ಎದ್ದು ಹೋಗುವುದಕ್ಕೂ ಪಕ್ಕದ ಕ್ಷೌರದಂಗಡಿಯ ಕತ್ತರಿ ಒಳಗೆ ಬರುವುದಕ್ಕೂ ಸರಿಹೋಯಿತು. ಕತ್ತರಿ ಎನ್ನುವುದು ಬೀದಿಯವರು ಅವನಿಗೆ ಇಟ್ಟ ಹೆಸರು. ಕೈಯಲ್ಲಿದ್ದದ್ದಕ್ಕಿಂತ ಬಾಯಲ್ಲಿದ್ದ ಕತ್ತರಿಯೇ ಹೆಚ್ಚು ಹರಿತ. ದಿನವೂ ಪೇಪರ್ ಎರವಲಿಗೆ ಬರುವವನು ಅವತ್ತು ಪೇಪರ್ ಮರೆತು ಪಿಸ್ಟನ್ ಎತ್ತಿಕೊಂಡ. ಇದೇನಣ್ಣ, ಬೂದಿ ಬಟ್ಟಲಾ ಎಂದ. ಕನ್ನಡಕದವರು ವಿವರಿಸಿದರು. ವಿವರಿಸಿ ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕಟಕಟ ಎಂದರೆ ಹೇಗೆ ಎಂದು ಅವನು ಕೇಳಿದಾಗ, ಖಾಲಿ ಕನ್ನಡಕದ ಡಬ್ಬಿಯೊಳಗೆ ಒಂದು ಸ್ಕ್ರೂಡ್ರೈವರ್ ಹಾಕಿ ಜೋರಾಗಿ ಅಲ್ಲಾಡಿಸಿ ತೋರಿಸಿದರು.

ಕತ್ತರಿ ಪಿಸ್ಟನ್ನನ್ನು ಮೇಜಿನ ಮೇಲಿಟ್ಟ. “ಬೆಳಗ್ಗೆ ಐದು ಗಂಟೆಗಾ ಅಣ್ಣ?”

“ಐದೇ ನಿಮಿಷ ಕಣಪ್ಪ.”

“ದಿನಾ?”

ಅದಕ್ಕೆ ಕನ್ನಡಕದವರು ಉತ್ತರ ಹೇಳುವ ಮೊದಲೇ ಕತ್ತರಿ ತನ್ನ ಅಂಗಡಿ ಸೇರಿದ್ದ. ಕ್ಷೌರದ ಕುರ್ಚಿಯಲ್ಲಿ ಕೂತವರಿಗೆ ಕಿವಿ ಮುಚ್ಚಿಕೊಳ್ಳುವ ಅವಕಾಶ ಇರುವುದಿಲ್ಲ. ಹತ್ತೂವರೆಯ ಹೊತ್ತಿಗೆ ಸುದ್ದಿ ಮೂರು ತಲೆ ದಾಟಿತ್ತು. ಹನ್ನೊಂದಕ್ಕೆ ಅದು ಬೀದಿಯ ಆ ತುದಿ ಮುಟ್ಟುವಾಗ ಕನ್ನಡಕದವರು ಕಾರಿಗೆ ಸುತ್ತಿಗೆ ಕೂರಿಸುತ್ತಿದ್ದಾರೆ ಎಂದಾಗಿತ್ತು.

ಹನ್ನೊಂದೂಕಾಲಿಗೆ ಮೇಷ್ಟ್ರು ಬಂದರು. ಅವರು ಎದುರು ಮನೆಯವರು, ನಿವೃತ್ತ ಗಣಿತದ ಮೇಷ್ಟ್ರು. ಪಕ್ಕದ ಮನೆಯ ಬೆಕ್ಕು ಮೈ ಮುರಿದರೂ ಎಚ್ಚರವಾಗುವಷ್ಟು ತೆಳು ನಿದ್ದೆ ಅವರದು. ಕುರ್ಚಿಯಲ್ಲಿ ಕೂತು, ಕನ್ನಡಕದವರ ರಸೀದಿ ಪುಸ್ತಕವನ್ನೇ ಎಳೆದುಕೊಂಡು, ಅದರ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ದಿನಕ್ಕೆ ಐದು ನಿಮಿಷ. ವರ್ಷಕ್ಕೆ ಮುನ್ನೂರು ದಿನ ಡ್ಯೂಟಿ. ಸಾವಿರದೈನೂರು ನಿಮಿಷ.

“ಇಪ್ಪತ್ತೈದು ಗಂಟೆ,” ಎಂದು ಪೆನ್ನು ಕೆಳಗಿಟ್ಟರು. “ಅಂದ್ರೆ ವರ್ಷದಲ್ಲಿ ಒಂದು ಪೂರ್ತಿ ದಿನ, ರಾತ್ರಿ ಸೇರಿ, ಮೇಲೊಂದು ಗಂಟೆ, ನನ್ನ ಕಿಟಕಿ ಕೆಳಗೆ ನೀವು ಡಬ್ಬ ಬಡೀತೀರಿ. ಇದು ನ್ಯಾಯನಾ ನೀವೇ ಹೇಳಿ.”

ಕನ್ನಡಕದವರು ಆ ಲೆಕ್ಕವನ್ನು ಎರಡು ಸಲ ಓದಿದರು. ಹೀಗೆ ಕೂಡಿಸಿ ನೋಡಿದರೆ ಯಾವ ಮನುಷ್ಯನೂ ಅಪರಾಧಿಯೇ. ಅವರು ಏನೋ ಹೇಳುವಷ್ಟರಲ್ಲಿ ಬಾಗಿಲಲ್ಲಿ ಮಾವನವರು ಕಾಣಿಸಿಕೊಂಡರು.

ಮಾವನವರು ಎಂದರೆ ಹೆಂಡತಿಯ ತಂದೆ. ಮೂವತ್ತೆರಡು ವರ್ಷ ರೈಲು ಓಡಿಸಿ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಇಂಜಿನ್ನಿನ ಸದ್ದಿಗೆ ಎಡಗಿವಿ ಮಂದವಾಗಿತ್ತು, ಆದರೆ ಆ ಸದ್ದಿನ ಮೇಲಿನ ಪ್ರೀತಿ ಒಂದು ಚೂರೂ ಮಂದವಾಗಿರಲಿಲ್ಲ. ವಿಷಯ ತಿಳಿದು ಮೇಷ್ಟ್ರ ಕಡೆ ಬಲಗಿವಿ ತಿರುಗಿಸಿ ಎಲ್ಲ ಕೇಳಿಸಿಕೊಂಡು, ಆಮೇಲೆ ಅಳಿಯನಿಗೆ ಗಟ್ಟಿಯದನ್ನೇ ಹಾಕಿಸಬೇಕೆಂದು ಅಪ್ಪಣೆ ಕೊಟ್ಟರು. ತಣ್ಣಗಿದ್ದಾಗ ಗೊಣಗಿ, ಬಿಸಿಯಾದ ಮೇಲೆ ತೆಪ್ಪಗೆ ದುಡಿಯುವುದೇ ಇಂಜಿನ್ನಿನ ಧರ್ಮ, ಸದ್ದು ಮಾಡದ ಇಂಜಿನ್ನನ್ನು ತಾವು ನಂಬಿದವರೇ ಅಲ್ಲ ಎಂದರು. ಮೇಷ್ಟ್ರು ರೈಲ್ವೆ ಹಳಿಯ ಪಕ್ಕ ಯಾರೂ ಇಷ್ಟಪಟ್ಟು ಮನೆ ಕಟ್ಟುವುದಿಲ್ಲ ಎಂದರು. ಇಬ್ಬರ ನಡುವೆ ಕೂತ ಕನ್ನಡಕದವರು ಇಬ್ಬರ ಮಾತಿಗೂ ಹೌದು ಹೌದು ಎಂದು ತಲೆಯಾಡಿಸಿ, ಇಬ್ಬರಿಂದಲೂ ಬೈಸಿಕೊಂಡರು.

ಗದ್ದಲ ಕೇಳಿ ಕತ್ತರಿ ಇಣುಕಿದ. ಅವನ ತಕರಾರು ಬೇರೆ. ಲೋಹ ಉಬ್ಬುತ್ತದೆ ಎನ್ನುವುದನ್ನೇ ಅವನು ನಂಬಲಿಲ್ಲ. ಮೇಸ್ತ್ರಿ ಕಿವಿಗೆ ಹೂವಿಡುತ್ತಿದ್ದಾನೆ, ಲೋಹ ಏನು ಬಲೂನಾ ಎಂದ. ಈ ಒಂದು ವಿಷಯದಲ್ಲಿ ಮೇಷ್ಟ್ರು, ಮಾವನವರು ಇಬ್ಬರೂ ಒಂದಾದರು. ತೋರಿಸಿಯೇ ಬಿಡೋಣ ಎಂದು ಎಲ್ಲರೂ ಎದ್ದು ಪಕ್ಕದ ಅಂಗಡಿಗೆ ನಡೆದರು. ಅದು ಮೇಸ್ತ್ರಿಯ ಸಾಮಾನು, ಬೇಡ ಎಂದು ಕನ್ನಡಕದವರು ಎರಡು ಸಲ ಹೇಳಿದರು. ಅವರ ದನಿಗೆ ಬೇಡ ಎನ್ನುವ ಪದ ಎಂದೂ ಒಗ್ಗಿದ್ದಿಲ್ಲ.

ಕತ್ತರಿಯ ಅಂಗಡಿಯಲ್ಲಿ ಒಬ್ಬ ಗಿರಾಕಿ ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು, ಅರ್ಧ ಗಡ್ಡ ತೆಗೆಸಿಕೊಂಡು ಕೂತಿದ್ದ. ಮುಖ ತೊಳೆಸುವ ನೀರಿನ ಸ್ಟೀಲ್ ಮಗ್ಗು ಅಲ್ಲೇ ಇತ್ತು. ಮಾವನವರು ಗಟ್ಟಿ ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರೊಳಗೆ ಇಳಿಸಿದರು. ಹೇಳಿ ಮಾಡಿಸಿದಂತೆ, ಕೂದಲೆಳೆಯಷ್ಟು ಸಂದು ಬಿಟ್ಟು, ನುಣ್ಣಗೆ ಜಾರಿ ತಳ ಸೇರಿತು. ಮೇಲೆತ್ತಿದರೆ ಸರಾಗವಾಗಿ ಬಂತು. “ಈಗ ಬಿಸಿನೀರು ಹಾಕು,” ಎಂದರು. ಕತ್ತರಿ ಕೆಟಲಿನಿಂದ ಕುದಿನೀರು ಸುರಿದ. ಒಂದು ನಿಮಿಷ ಬಿಟ್ಟು ಎತ್ತಿದರು. ಪಿಸ್ಟನ್ ಅಲುಗಲಿಲ್ಲ. ಇನ್ನೊಮ್ಮೆ ಎಳೆದರು. ಮಗ್ಗೇ ಜೊತೆಗೆ ಮೇಲೆ ಬಂತು.

ಮಾವನವರ ಮುಖದಲ್ಲಿ, ಗಾಡಿಯನ್ನು ಸಮಯಕ್ಕೆ ಸರಿಯಾಗಿ ಸ್ಟೇಷನ್ನಿಗೆ ತಂದು ನಿಲ್ಲಿಸಿದ ಕಳೆ. “ನೋಡಿದ್ರಾ? ಸಿಲಿಂಡರ್‌ನಲ್ಲೂ ಹೀಗೇ. ಬಿಸಿಯಾದ ಮೇಲೆ ಸಂದು ತುಂಬಿ ಆಚೀಚೆ ಬಡ್ಕೊಳ್ಳಲ್ಲ.”

ಅದೆಲ್ಲ ಸರಿ, ನನ್ನ ಮಗ್ಗು ಕೊಡಿ ಎಂದ ಕತ್ತರಿ. ಗಿರಾಕಿಯ ಕೆನ್ನೆಯ ಮೇಲೆ ನೊರೆ ಒಣಗಿ ಸುಣ್ಣದಂತೆ ಬಿರುಕು ಬಿಡುತ್ತಿತ್ತು. ತಣ್ಣಗಾಗಲಿ, ತಾನಾಗಿ ಬರುತ್ತದೆ ಎಂದು ಮಾವನವರು ಹೇಳಿದರು, ಕನ್ನಡಕದವರು ಬೇಡಿಕೊಂಡರು. ಆದರೆ ಅರ್ಧ ಗಡ್ಡದವನು ಏಳುವ ಲಕ್ಷಣ ತೋರಿಸಿದ್ದೇ ಕತ್ತರಿ ತಾಳ್ಮೆ ಕಳೆದುಕೊಂಡ. ನೀರು ಚೆಲ್ಲಿ, ಮಗ್ಗನ್ನು ಮಗುಚಿ ಹಿಡಿದು, ಬಾಗಿಲ ಮೆಟ್ಟಿಲಿಗೆ ಒಂದು, ಎರಡು, ಮೂರು ಸಲ ಬಡಿದ. ಅಷ್ಟರಲ್ಲಿ ಅದು ತಣ್ಣಗಾಗಿತ್ತೋ ಏನೋ. ನಾಲ್ಕನೆಯ ಸಲ ಕೈ ಎತ್ತಿದಾಗ ಪಿಸ್ಟನ್ ತಾನಾಗಿ ಜಾರಿತು. ಬಡಿಯುವುದನ್ನು ಹತ್ತಿರದಿಂದ ನೋಡಬೇಕೆಂದು ಮೆಟ್ಟಿಲ ಬಳಿ ನಿಂತಿದ್ದ ಮೇಷ್ಟ್ರ ಬಲಗಾಲಿನ ಹೆಬ್ಬೆರಳ ಮೇಲೆ ನೆಟ್ಟಗೆ ಬಿತ್ತು.

ಮೇಷ್ಟ್ರು ಕೂಗಲಿಲ್ಲ. ಒಂಟಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, ಕನ್ನಡಕದವರ ಭುಜ ಹಿಡಿದುಕೊಂಡರು. ಆ ಹಿಡಿತದಲ್ಲೇ ಕನ್ನಡಕದವರಿಗೆ ಎಲ್ಲ ಅರ್ಥವಾಯಿತು. ಇಷ್ಟು ಹೊತ್ತು ಮೇಷ್ಟ್ರಿಗೆ ಗಟ್ಟಿ ಪಿಸ್ಟನ್ನಿನ ಮೇಲೆ ತತ್ವದ ಜಗಳವಿತ್ತು. ಈಗ ಅದು ಸ್ವಂತ ಜಗಳವಾಯಿತು.

ಮುಂದಿನ ಒಂದೂವರೆ ಗಂಟೆ ಕನ್ನಡಕದವರು ಅಂಗಡಿ ಮುಚ್ಚಿ ಮೇಷ್ಟ್ರನ್ನು ಆಟೋದಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದರು, ಸಾಲಿನಲ್ಲಿ ಕಾದರು, ಬೆರಳಿಗೆ ಪಟ್ಟಿ ಕಟ್ಟಿಸಿದರು. ಮೂಳೆ ಮುರಿದಿರಲಿಲ್ಲ. ಬೆರಳು ಮಾತ್ರ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಏನು ಬಿತ್ತು ಎಂದು ಡಾಕ್ಟರು ಕೇಳಿದರು. ಪಿಸ್ಟನ್ ಎಂದು ಮೇಷ್ಟ್ರು ಹೇಳಿದರು. ವರ್ಕ್‌ಶಾಪಿನಲ್ಲಿ ಕೆಲಸವಾ ಎಂದು ಡಾಕ್ಟರು ವಿಚಾರಿಸಿದರು. ಅಲ್ಲ, ಕ್ಷೌರದಂಗಡಿಯಲ್ಲಿ ಬಿತ್ತು ಎಂದ ಮೇಲೆ ಡಾಕ್ಟರು ಮತ್ತೇನೂ ಕೇಳದೆ ಚೀಟಿ ಬರೆದುಕೊಟ್ಟರು.

ಅಂಗಡಿಗೆ ಮರಳಿದಾಗ ಎರಡೂವರೆ. ಕನ್ನಡಕದವರು ಪಿಸ್ಟನ್ನುಗಳ ಮುಂದೆ ಕೂತು ಒಬ್ಬರೇ ಯೋಚಿಸಿದರು. ಗಟ್ಟಿಯದರ ಅಂಚಿನಲ್ಲಿ ಮೆಟ್ಟಿಲಿನ ಒಂದು ಸಣ್ಣ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಎಷ್ಟು ಹೊಡೆದರೂ ತಡೆಯುತ್ತದೆ ಎಂದು ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಹೆಂಡತಿಯನ್ನು ಕೇಳೋಣವೆಂದರೆ ಡ್ಯೂಟಿಯಲ್ಲಿ ಆಕೆಯ ಫೋನ್ ಕಪಾಟಿನಲ್ಲಿ ಬೀಗದೊಳಗೆ, ಎರಡು ಪಿಸ್ಟನ್ನುಗಳ ವಿಷಯ ಬರೆದು ಬೆಳಗ್ಗೆಯೇ ಕಳಿಸಿದ್ದ ಮೆಸೇಜೂ ಅದರೊಳಗೇ. ಹೋದ ವಾರ ಕಾರಿಗೆ ಏನು ಮಾಡಿಸಲಿ ಎಂದು ಕೇಳಿದ್ದಾಗ ಆಕೆ ಕೊಟ್ಟಿದ್ದ ಉತ್ತರವೂ ಚಿಕ್ಕದು, ಸ್ಟಾರ್ಟ್ ಆದರೆ ಸಾಕು ಎಂದಿದ್ದಳು.

ಮೂರೂಕಾಲಿಗೆ ಅವರು ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಒಂದು ತೀರ್ಮಾನಕ್ಕೆ ಬಂದರು. ಗಟ್ಟಿಯದೇ. ಐದು ನಿಮಿಷದ ಸದ್ದಿಗೆ ಬೀದಿ ಮುಳುಗಿಹೋಗುವುದಿಲ್ಲ. ವಾರಕ್ಕೆ ನಲವತ್ತು ಸೆಕೆಂಡು ಸುಖ ಕೇಳುವುದು ದುರಾಸೆಯೂ ಅಲ್ಲ. ಎದೆಯುಬ್ಬಿಸಿ ಮೇಸ್ತ್ರಿಯ ನಂಬರ್ ಒತ್ತಿದರು. ಫೋನ್ ಆ ಕಡೆ ಒಮ್ಮೆ ರಿಂಗಾಯಿತು. ಈ ಕಡೆ ಗಾಜಿನ ಬಾಗಿಲು ತೆರೆಯಿತು.

ಮೊದಲು ಒಳಗೆ ಬಂದದ್ದು ಊರುಗೋಲು. ಹಿಂದೆ ಮೇಷ್ಟ್ರು. ಅವರ ಹಿಂದೆ ಕತ್ತರಿ, ಗಡ್ಡದ ಮಿಕ್ಕರ್ಧವನ್ನೂ ತೆಗೆಸಿಕೊಂಡಿದ್ದ ಆ ಗಿರಾಕಿ, ಇನ್ನೂ ನಾಲ್ಕೈದು ಮನೆಯವರು. ಕನ್ನಡಕದವರು ಫೋನ್ ಇಟ್ಟರು. ಮೇಷ್ಟ್ರು ಹಿರಿಯರಂತೆ ಶಾಂತವಾಗಿ ಮಾತಾಡಿದರು. ಬೆರಳಿನ ವಿಷಯ ಎತ್ತುವುದಿಲ್ಲ, ಅದು ಎಲ್ಲರಿಗೂ ಕಾಣುತ್ತಲೇ ಇದೆ ಎಂದರು. ಬೀದಿಯ ನಿದ್ದೆಯ ಬಗ್ಗೆ ಮಾತ್ರ ಒಂದು ಕಾಗದ ಬರೆದು ತಂದಿದ್ದೇವೆ ಎಂದರು.

ಕನ್ನಡಕದವರು ಇನ್ನೂ ಗಟ್ಟಿಯಾಗೇ ಇದ್ದರು. ನೋಡೋಣ, ಯೋಚನೆ ಮಾಡೋಣ ಎನ್ನುತ್ತ ಸಮಯ ತಳ್ಳುತ್ತಿದ್ದರು. ಅವರನ್ನು ಮಣಿಸಿದ್ದು ಮೇಷ್ಟ್ರಲ್ಲ, ಕತ್ತರಿಯೂ ಅಲ್ಲ. ಗುಂಪಿನ ಹಿಂದೆ, ಬಾಗಿಲಿಗೆ ಒರಗಿ, ಮೂಲೆ ಮನೆಯ ಬಾಣಂತಿ ಹೆಗಲ ಮೇಲೆ ಕೂಸನ್ನು ಮಲಗಿಸಿಕೊಂಡು ನಿಂತಿದ್ದಳು. ಕಣ್ಣಿನ ಸುತ್ತ ಕಪ್ಪು, ಕೂದಲು ಬಾಚಿ ಎರಡು ದಿನವಾಗಿರಬೇಕು. ಆಕೆ ದೂರಲಿಲ್ಲ, ಬೇಡಲೂ ಇಲ್ಲ. ಕೂಸು ಎದ್ದೀತೆಂದು ಪಿಸುಮಾತಿನಲ್ಲಿ ಹೇಳಿದಳು.

“ಇದು ರಾತ್ರಿಯೆಲ್ಲ ಅತ್ತು ಮಲಗೋದೇ ನಾಲ್ಕೂವರೆಗೆ, ಅಣ್ಣ.”

ಕನ್ನಡಕದವರು ಕೂಸನ್ನು ನೋಡಿದರು. ಬಾಯಿ ಅರ್ಧ ತೆರೆದು, ಲೋಕದ ಯಾವ ಟರ್ಬೊದ ಗೊಡವೆಯೂ ಇಲ್ಲದೆ ಮಲಗಿತ್ತು. ಪೆನ್ನು ಕೊಡಿ ಎಂದರು.

ಕಾಗದ ಮೇಷ್ಟ್ರ ಕೈಬರಹದಲ್ಲಿ ಅಚ್ಚುಕಟ್ಟಾಗಿತ್ತು. ‘ಬೆಳಗಿನ ಆರು ಗಂಟೆಗೆ ಮೊದಲು ನನ್ನ ಮನೆಯ ಬಾಗಿಲಿನಲ್ಲಿ ಯಾವುದೇ ವಾಹನದಿಂದ ಬೀದಿಯವರ ನಿದ್ದೆಗೆ ಭಂಗ ಬಾರದಂತೆ ನೋಡಿಕೊಳ್ಳುವ ಪೂರ್ಣ ಹೊಣೆ ನನ್ನದು.’ ಮೇಷ್ಟ್ರು ಯಾವುದೇ ಎನ್ನುವ ಪದದ ಕೆಳಗೆ ಗೆರೆ ಎಳೆದಿದ್ದರು, ಯಾಕೆಂದರೆ ಇವತ್ತು ಈ ಕಾರು ಇರುತ್ತದೆ, ನಾಳೆ ಇನ್ನೊಂದನ್ನು ತಂದು ಅದಕ್ಕೆ ಸುತ್ತಿಗೆ ಕೂರಿಸಿದರೆ ಮತ್ತೆ ಕಾಗದ ಬರೆಯುವ ತಾಪತ್ರಯ ಬೇಡ ಎಂದು. ಕನ್ನಡಕದವರು ಸಹಿ ಹಾಕಿದರು. ಎಲ್ಲರ ಎದುರಲ್ಲೇ ಮೇಸ್ತ್ರಿಗೆ ಫೋನ್ ಮಾಡಿ, ಸದ್ದು ಮಾಡದ್ದು ನಾಲ್ಕು, ಬರೆದುಕೋ ಎಂದರು. ಆಗ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ.

ಆಮೇಲಿನ ಅರ್ಧ ಗಂಟೆ ಅವರ ಬಾಳಿನ ಒಳ್ಳೆಯ ಅರ್ಧ ಗಂಟೆಗಳಲ್ಲಿ ಒಂದು. ಮೇಷ್ಟ್ರು ಕೈ ಕುಲುಕಿದರು. ಕತ್ತರಿ ಟೀ ತರಿಸಿಕೊಟ್ಟ. ದೊಡ್ಡ ಮನಸ್ಸು ಎಂದು ಯಾರೋ ಅಂದರು. ಬಾಣಂತಿ ನಕ್ಕು ಹೋದಳು. ಸುದ್ದಿ ಕೇಳಿ ಬಂದಿದ್ದ ಮಾವನವರು ಮಾತ್ರ ಅಳಿಯನ ಮುಖ ನೋಡದೆ ಎಡಗಿವಿ ಈ ಕಡೆ ತಿರುಗಿಸಿಕೊಂಡು ಕೂತಿದ್ದರು. ಅದು ಅವರ ಮೌನವ್ರತದ ರೀತಿ. ಆದರೂ ಕನ್ನಡಕದವರಿಗೆ ಹಗುರವೆನಿಸಿತ್ತು. ಸಾಧುವಾದರೇನು, ಅದೂ ಫೋರ್ಜ್ಡ್ ಪಿಸ್ಟನ್ನೇ, ನಲವತ್ತು ಸೆಕೆಂಡಲ್ಲದಿದ್ದರೆ ಇಪ್ಪತ್ತು ಸೆಕೆಂಡು ಒತ್ತಿದರಾಯಿತು ಎಂದು ಸಮಾಧಾನ ಮಾಡಿಕೊಂಡು, ಅಂಗಡಿ ಮುಚ್ಚಿ, ಮಾವನವರ ಜೊತೆ ಮಾತಿಲ್ಲದೆ ಮನೆಗೆ ನಡೆದರು.

ಹೆಂಡತಿ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಮುಖದಲ್ಲಿ ಅಪರೂಪದ ಗೆಲುವು. ಗಂಡ ಚೀಲ ಕೆಳಗಿಡುವ ಮೊದಲೇ ಸುದ್ದಿ ಹೇಳಿದಳು.

“ರೀ, ಇನ್ನು ಕಾರಿನ ಚಿಂತೆ ಬಿಡಿ. ಬೆಳಗಿನ ಪಾಳಿಯವರಿಗೆ ಆಸ್ಪತ್ರೆಯಿಂದಾನೇ ವ್ಯಾನ್ ಬಿಡ್ತಿದ್ದಾರೆ. ಸೋಮವಾರದಿಂದ. ಐದು ಗಂಟೆಗೆ ಮನೆ ಬಾಗಿಲಿಗೇ ಬರುತ್ತೆ.”

ಕನ್ನಡಕದವರು ಚೀಲವನ್ನು ಮೆಲ್ಲಗೆ ಕೆಳಗಿಟ್ಟರು. ಆಕೆ ಟವೆಲಿನಿಂದ ಕಾಲು ಒರೆಸಿಕೊಳ್ಳುತ್ತ ಮುಂದುವರಿಸಿದಳು. ಅದು ಆಸ್ಪತ್ರೆಯ ಹಳೆಯ ಡೀಸೆಲ್ ಗಾಡಿಯಂತೆ. ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದು ಕಷ್ಟವಂತೆ, ಹಾಗಾಗಿ ಬಾಗಿಲಲ್ಲೂ ಇಂಜಿನ್ ಆರಿಸದೆ ಕಾಯುತ್ತದಂತೆ. ಡ್ರೈವರ್ ಬಹಳ ಶಿಸ್ತಿನ ಮನುಷ್ಯ, ಯಾರ ಮನೆ ಮುಂದೆಯೂ ಮೂರಕ್ಕಿಂತ ಹೆಚ್ಚು ಸಲ ಹಾರ್ನ್ ಹೊಡೆಯುವುದಿಲ್ಲವಂತೆ.

“ಇನ್ನು ಕಾರು ಪೂರ್ತಿ ನಿಮ್ದೇ. ಬೆಳಗ್ಗೆ ಯಾರೂ ಸ್ಟಾರ್ಟ್ ಮಾಡಲ್ಲ. ನಿಮ್ಮ ಮೆಸೇಜ್ ಈಗ ನೋಡ್ದೆ, ನಿಮಗೆ ಇಷ್ಟ ಇರೋ ಆ ಗಟ್ಟೀದೇ ಹಾಕಿಸ್ಕೊಳ್ಳಿ. ಪಾಪ, ನನ್ನ ಡ್ಯೂಟಿಗೋಸ್ಕರ ನೀವ್ಯಾಕೆ ಆಸೆ ಬಿಡ್ಬೇಕು?”

ಹದಿನೇಳು ವರ್ಷದ ಸಂಸಾರದಲ್ಲಿ ಕಾರಿನ ಬಗ್ಗೆ ಆಕೆ ಆಡಿದ ಮೊದಲ ಒಳ್ಳೆಯ ಮಾತು ಅದು. ಕನ್ನಡಕದವರು ನೇರ ಅಂಗಳಕ್ಕೆ ಹೋಗಿ ಮೇಸ್ತ್ರಿಗೆ ಫೋನ್ ಮಾಡಿದರು. ಪಟ್ಟಿ ಹೋಗಿ ಮುಕ್ಕಾಲು ಗಂಟೆಯಾಯಿತು ಸಾರ್, ಇನ್ನು ಬ್ರಹ್ಮ ಬಂದರೂ ತಿದ್ದಲಾಗುವುದಿಲ್ಲ ಎಂದ. ಒಳ್ಳೆಯ ಆಯ್ಕೆ ಮಾಡಿದ್ದೀರಿ, ಬೆಳಗ್ಗೆ ಬೀದಿಯವರು ನಿಮ್ಮನ್ನು ಹರಸುತ್ತಾರೆ ಎಂದೂ ಸೇರಿಸಿದ.

ಫೋನ್ ಜೇಬಿಗಿ‌ಳಿಸಿ ತಿರುಗಿದರೆ ಗೇಟಿನಲ್ಲಿ ಮೇಷ್ಟ್ರು. ಕುಂಟುತ್ತಲೇ ಬಂದು ಕಾಗದದ ಒಂದು ಜೆರಾಕ್ಸ್ ಪ್ರತಿಯನ್ನು ಕೈಗೆ ಕೊಟ್ಟರು. ನಿಮ್ಮ ಬಳಿಯೂ ಒಂದಿರಲಿ, ಇನ್ನೊಂದು ಪ್ರತಿಯನ್ನು ಕತ್ತರಿ ತನ್ನ ಕನ್ನಡಿಯ ಪಕ್ಕ ಅಂಟಿಸಿದ್ದಾನೆ, ಬೀದಿಗೆಲ್ಲ ಖುಷಿಯಾಗಿದೆ ಎಂದು ಹೇಳಿ, ಬಂದಷ್ಟೇ ನಿಧಾನವಾಗಿ ಹೊರಟುಹೋದರು. ಗೆರೆ ಎಳೆದ ಪದ ಜೆರಾಕ್ಸಿನಲ್ಲಿ ಇನ್ನೂ ಕಪ್ಪಾಗಿ ಕಾಣುತ್ತಿತ್ತು.

ಕನ್ನಡಕದವರು ಒಳಗೆ ಬಂದು, ಆ ವ್ಯಾನ್ ನಮ್ಮ ಬಾಗಿಲಿಗೆ ಬರುವ ಬದಲು ದೊಡ್ಡ ರಸ್ತೆಯಲ್ಲೇ ನಿಲ್ಲಬಹುದೇ ಎಂದು ಹೆಂಡತಿಯನ್ನು ಕೇಳಿದರು. ಕೇಳುವಾಗ ಕಾಗದವನ್ನು ಹಿಂದೆ ಅಡಗಿಸಿಕೊಂಡಿದ್ದರು, ಆದರೆ ನರ್ಸಿನ ಕಣ್ಣು ತಪ್ಪಿಸಿ ಏನನ್ನೂ ಅಡಗಿಸಲಾಗುವುದಿಲ್ಲ. ಆಕೆ ಕೈ ಚಾಚಿ ತೆಗೆದುಕೊಂಡು, ಓದಿ, ಸಹಿ ನೋಡಿ, ಮತ್ತೊಮ್ಮೆ ಓದಿದಳು. ಬೈಯಲಿಲ್ಲ. ಬಹಳ ಸಮಾಧಾನದ ದನಿಯಲ್ಲಿ ಮಾತಾಡಿದಳು.

“ನಿಲ್ಲುತ್ತೆ, ಯಾಕೆ ನಿಲ್ಲಲ್ಲ. ಆದ್ರೆ ದೊಡ್ಡ ರಸ್ತೆಗೆ ಹದಿನೈದು ನಿಮಿಷ ನಡೀಬೇಕು. ಆ ಕತ್ತಲಲ್ಲಿ ನಾನೊಬ್ಳೇ ಹೋಗಲ್ಲ. ದಿನಾ ನೀವೇ ಬಂದು ಹತ್ತಿಸಿ ಹೋಗಿ.”

ಮದುವೆಯಾದಾಗಿನಿಂದ ಬೆಳಗಿನ ಏಳಕ್ಕೆ ಮೊದಲು ಲೋಕ ಹೇಗಿರುತ್ತದೆಂದು ಕನ್ನಡಕದವರು ನೋಡಿದವರಲ್ಲ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಐದಕ್ಕೆ ವ್ಯಾನು. ನಾಲ್ಕೂಮುಕ್ಕಾಲಿಗೆ ಮನೆ ಬಿಡಬೇಕು. ಅದಕ್ಕೆ ನಾಲ್ಕೂಕಾಲಿಗೆ ಏಳಬೇಕು. ವರ್ಷಕ್ಕೆ ಮುನ್ನೂರು ದಿನ. ಎಷ್ಟು ಗಂಟೆ ನಿದ್ದೆ ಹೋಗುತ್ತದೆಂದು ಕೂಡಿಸುವಷ್ಟು ಧೈರ್ಯ ಬರಲಿಲ್ಲ. ಮೇಷ್ಟ್ರು ಮಲಗಿರುತ್ತಾರೆ, ಕತ್ತರಿ ಮಲಗಿರುತ್ತಾನೆ, ಆ ಕೂಸೂ ಆಗತಾನೇ ಕಣ್ಣು ಮುಚ್ಚಿರುತ್ತದೆ. ಅವರೆಲ್ಲರ ಕಿಟಕಿಯ ಕೆಳಗೆ, ಚಪ್ಪಲಿ ಕೈಯಲ್ಲಿ ಹಿಡಿದು, ಬೀದಿ ದಾಟುವವರು ತಾವಿಬ್ಬರೇ.

ಆಗ, ಸಹಿ ಬಿದ್ದಾಗಿನಿಂದ ಬಾಯಿ ಬಿಡದೆ, ಮನೆಗೆ ಬಂದು ಮೂಲೆಯಲ್ಲಿ ಕೂತಿದ್ದ ಮಾವನವರು ಕುರ್ಚಿಯನ್ನು ಈ ಕಡೆ ತಿರುಗಿಸಿದರು. ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ.

“ಏಳೋದಕ್ಕೆ ಯೋಚನೆ ಮಾಡ್ಬೇಡಿ ಅಳಿಯಂದ್ರೆ. ನನಗೆ ನಾಲ್ಕಕ್ಕೆಲ್ಲ ಎಚ್ಚರ ಆಗಿರುತ್ತೆ, ನಾನು ಎಬ್ಬಿಸ್ತೀನಿ. ಕೂಗಲ್ಲ, ನೀರು ಚಿಮುಕಿಸ್ತೀನಿ ಅಷ್ಟೇ. ನಮ್ಮನೇಲಿ ಸದ್ದು ಮಾಡೋ ಹಾಗಿಲ್ವಲ್ಲ.”